ನೀರಿನ ಕೆಳಗಿನ ಊರು, ಹಳೇ ಹಾಳೆಯ ಮೇಲೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲಿ ಕೂತಿದ್ದೀರಾ? ಹಾಗಿದ್ರೆ ಫೋನಿನಲ್ಲಿ ಮ್ಯಾಪ್ ತೆಗೆದು ಉಗರಗೋಳ ಅಂತ ಹುಡುಕಿ. ಸವದತ್ತಿ ತಾಲೂಕು, ಎಲ್ಲಮ್ಮನ ಗುಡ್ಡದ ಮಗ್ಗುಲಿನ ಊರು, ನಮ್ಮೂರು. ಬೆರಳಿನಿಂದ ಸವದತ್ತಿ ದಾಟಿಸಿ ಪಶ್ಚಿಮಕ್ಕೆ ಬನ್ನಿ. ದೊಡ್ಡದೊಂದು ನೀಲಿ ಹರವು ಕಾಣುತ್ತೆ. ಅದೇ ರೇಣುಕಾಸಾಗರ, ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು.

ಆ ನೀಲಿಯೊಳಗೆ ಏನೂ ಬರೆದಿಲ್ಲ. ನಮ್ಮ ಅಜ್ಜಿಯ ತವರುಮನೆ ಇದ್ದದ್ದು ಅಲ್ಲೇ.

ಊರಿನ ಹೆಸರು ಇಲ್ಲಿ ಹೇಳಲ್ಲ. "ಹೋದದ್ದು ಹೋತು, ಮಂದಿ ಮುಂದ ಯಾಕ?" ಅಂದಾಳ ಅಜ್ಜಿ. ಮನೆಯಲ್ಲೂ ಅದರ ಮಾತು ಬಂದರೆ ಎದ್ದು ಒಳಗೆ ಹೋಗಿಬಿಡ್ತಿದ್ದಳು. ನಾನು ಹಳೇ ನಕ್ಷೆಗಳ ಬೆನ್ನು ಹತ್ತಿದ್ದು ಅದಕ್ಕೇ.

ಸರ್ವೆ ಆಫ್ ಇಂಡಿಯಾ ಶುರುವಾಗಿದ್ದು 1767ರಲ್ಲಿ. ಅವರ ಸ್ಥಳಾಕೃತಿ ನಕ್ಷೆಗಳಲ್ಲಿ ಪ್ರತಿ ಹಾಳೆಗೂ ನಂಬರ್ ಇದೆ. ನಾಲ್ಕು ಡಿಗ್ರಿಯ ಚೌಕಕ್ಕೆ ಒಂದು ಅಂಕಿ, ಅದರೊಳಗೆ ಒಂದು ಡಿಗ್ರಿಗೆ ಒಂದು ಅಕ್ಷರ, ಅದನ್ನ ಮತ್ತೆ ಹದಿನಾರು ಮಾಡಿದರೆ ಕೊನೆಯ ಅಂಕಿ. ಮುನವಳ್ಳಿ ಕಡೆಯ ಹಾಳೆ 48 ಎಂ/1. 2017ರಲ್ಲಿ 'ನಕ್ಷೆ' ಅನ್ನೋ ಪೋರ್ಟಲ್ ಬಂದ ಮೇಲೆ ಇಂಥ ಹಾಳೆಗಳನ್ನ ಉಚಿತವಾಗಿ ಇಳಿಸಿಕೊಳ್ಳಬಹುದು. ಆದರೆ ಅಲ್ಲಿ ಸಿಗೋದು ಹೊಸ ಆವೃತ್ತಿ. ಅದರಲ್ಲೂ ನೀಲಿಯೇ.

ನೀರು ನಿಂತದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ಅದಕ್ಕಿಂತ ಹಿಂದಿನದು ಬೇಕು ಅಂದ್ರೆ ಒಂದು ವಿಚಿತ್ರ ದಾರಿ ಇದೆ. 1950ರ ದಶಕದಲ್ಲಿ ಅಮೆರಿಕದ ಸೇನೆಯ ನಕ್ಷೆ ವಿಭಾಗ ಇಡೀ ಭಾರತಕ್ಕೆ ಯು502 ಅನ್ನೋ ಸರಣಿ ತಂದಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿ ತಾಣದಲ್ಲಿ ಅದು ಪುಕ್ಕಟೆ ಸಿಗುತ್ತೆ. ನಮ್ಮಜ್ಜಿಯ ಊರು ನೋಡೋಕೆ ಟೆಕ್ಸಾಸಿಗೆ ಹೋಗಬೇಕು, ನೋಡ್ರಿ! ಆದರೆ ಅದರಲ್ಲಿ ಒಂದು ಸೆಂಟಿಮೀಟರ್ ಅಂದ್ರೆ ಎರಡೂವರೆ ಕಿಲೋಮೀಟರ್. ಊರು ಅನ್ನೋದು ಒಂದು ಚುಕ್ಕಿ.

ನನ್ನ ಕೈ ಹಿಡಿದದ್ದು ಪರಿಚಯದ ಮೇಷ್ಟ್ರೊಬ್ಬರ ಹತ್ತಿರ ಇದ್ದ, ಮಡಚಿ ಮಡಚಿ ಹರಿದ ಹಳೇ ಹಾಳೆ. ಒಂದು ಇಂಚಿಗೆ ಒಂದು ಮೈಲಿ. ಮೊದಲ ದಿನ ಸವದತ್ತಿ ತಾಲೂಕು ಹುಡುಕಿ ಹುಡುಕಿ ಸೋತೆ. ಆಮೇಲೆ ಗೊತ್ತಾಯ್ತು, ಮುಂಬೈ ಆಡಳಿತದ ಕಾಲದಲ್ಲಿ ಈ ತಾಲೂಕಿನ ಹೆಸರು ಪರಸಗಡ. ಸವದತ್ತಿ ಹತ್ತಿರದ ಗುಡ್ಡದ ಮೇಲಿನ ಕೋಟೆಯ ಹೆಸರೇ ತಾಲೂಕಿಗೆ ಇತ್ತು. ಹಳೇ ನಕ್ಷೆ, ಹಳೇ ದಾಖಲೆ ಹುಡುಕೋರು ಇದನ್ನ ನೆನಪಿಡಿ, ಇಲ್ಲದಿದ್ರೆ ನನ್ನ ಹಾಗೇ ದಿನ ಕಳೀತೀರಿ.

ಇನ್ನು ಎತ್ತರದ ಗೆರೆಗಳ ವಿಷಯ. ನನಗೆ ಇದು ಭಾಳ ಇಷ್ಟ. ಹಳೇ ಹಾಳೆಯಲ್ಲಿ ಎತ್ತರ ಇರೋದು ಅಡಿಯಲ್ಲಿ, ಗೆರೆಗೂ ಗೆರೆಗೂ ನಡುವೆ 50 ಅಡಿ. ರೇಣುಕಾಸಾಗರದ ಗರಿಷ್ಠ ಮಟ್ಟ 2079.50 ಅಡಿ. ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಬರೋ ಅಂಕಿ ಅದು. ಅಂದ್ರೆ ನೀರಿನ ಅಂಚು 2050ರ ಗೆರೆ ದಾಟಿ, 2100ರ ಗೆರೆ ಮುಟ್ಟದೆ ನಿಲ್ಲುತ್ತೆ. ಹಾಳೆಯ ಫೋಟೊ ಪ್ರಿಂಟ್ ತೆಗೆದು, ಈ ಎರಡು ಗೆರೆಗಳ ನಡುವೆ ಕೆಂಪು ಪೆನ್ನಿನಿಂದ ಎಳೆಯುತ್ತಾ ಹೋದೆ. ಪೆನ್ನು ಶುರು ಮಾಡಿದ ಜಾಗಕ್ಕೆ ವಾಪಸ್ ಬಂದಾಗ ಒಳಗೆ ಉಳಿದದ್ದು ಏನು ಗೊತ್ತಾ? ಊರು, ನೀಲಿ ಚುಕ್ಕಿಯ ಬಾವಿ, ಗುಡಿಯ ಗುರುತು, ಹೊಳೆ ದಾಟುವ ಒಂದು ಚುಕ್ಕಿಗೆರೆ. ಹೊಳೆ ಅಲ್ಲಿ ಇನ್ನೂ ಹೊಳೆಯಾಗೇ ಇತ್ತು.

ಅಜ್ಜಿಗೆ ಇಂಗ್ಲಿಷ್ ಬರಲ್ಲ. ಹಾಳೆಯನ್ನ ಕಟ್ಟೆ ಮೇಲೆ ಹಾಸಿ ಹೆಸರುಗಳನ್ನ ಓದಿದೆ. ಈ ಸಲ ಎದ್ದು ಹೋಗಲಿಲ್ಲ. ಯಾಕಂದ್ರೆ ನಕ್ಷೆಯಲ್ಲಿ ತಪ್ಪಿತ್ತು!

"ಬಾವಿ ಒಂದ ತೋರಿಸ್ಯಾನಲ್ಲ, ಎರಡಿದ್ದೂ. ನಮ್ಮದು ಎಲ್ಲಿ?" ಅಂದಳು. ಚುಕ್ಕಿಗೆರೆ ತೋರಿಸಿದೆ. ಕಾಲುದಾರಿ ಅಂತ ಅದರ ಅರ್ಥ. ನಕ್ಕಳು. ಭರತ ಹುಣ್ಣಿಮಿಗೆ ಹೊಳಿ ಬತ್ತಿರ್ತಿತ್ತು, ಚಕ್ಕಡಿ ಕಟ್ಟಿಕೊಂಡು ಗುಡ್ಡಕ್ಕ ಹೋಗತಿದ್ದಿವಿ, ಮೊದಲ ಜೋಗುಳಬಾವ್ಯಾಗ ಜಳಕ, ಆಮ್ಯಾಲೆ ಎಲ್ಲಮ್ಮ ಅಂತ ಹೇಳಿದಳು. ಮಳೆಗಾಲದಲ್ಲಿ ಅದೇ ಜಾಗದಲ್ಲಿ ಹರಿಗೋಲು. ಹಾಳೆಯಲ್ಲಿ ಹರಿಗೋಲೂ ಇಲ್ಲ, ಚಕ್ಕಡಿಯೂ ಇಲ್ಲ. "ತವರಮನಿ ಎಲ್ಲಿತ್ತು?" ಅಂತ ನಾನು ಎಷ್ಟು ವರ್ಷ ಕೇಳಿದ್ರೂ ಬಾಯಿ ಬಿಡದವಳು, ಯಾವನೋ ಸರ್ವೆಯವನ ತಪ್ಪು ತಿದ್ದೋಕೆ ಒಂದು ತಾಸು ಮಾತಾಡಿದಳು.

ಏಪ್ರಿಲ್‌ನಲ್ಲಿ ನೀರು ಇಳಿದಾಗ ಇಬ್ಬರೂ ಹೋದೆವು. ಹಾಳೆಯನ್ನ ಫೋನಿಗೆ ಹಾಕಿ, ಮೇಲೆ ನೀಲಿ ಚುಕ್ಕಿ ಓಡೋ ಹಾಗೆ ಮಾಡಿದ್ದೆ. ಹಳೇ ನಕ್ಷೆಯ ಅಕ್ಷಾಂಶ ರೇಖಾಂಶ ಇವತ್ತಿನ ಜಿಪಿಎಸ್ ಲೆಕ್ಕದ್ದಲ್ಲ. ಹಾಗೇ ಹಾಕಿದ್ರೆ ನೂರು ಮೀಟರಿಗಿಂತ ಹೆಚ್ಚೇ ಸರಿಯುತ್ತೆ. ಜರುಗದ ಗುರುತುಗಳಿಗೆ, ಗುಡ್ಡದ ತುದಿ, ಕೋಟೆ ಮೂಲೆ ಇಂಥವಕ್ಕೆ ಹೊಂದಿಸಬೇಕು. ರಸ್ತೆ ನಂಬಬೇಡಿ. ನಾನು ಅವಸರದಲ್ಲಿ ಹೊಂದಿಸಿರಲಿಲ್ಲ. ಫೋನು ನನ್ನನ್ನ ಒಣಗಿ ಬಿರಿದ ಬರೇ ಕೆಸರಿಗೆ ತಂದು ನಿಲ್ಲಿಸಿತು. ಅಜ್ಜಿ ದಂಡೆಯಲ್ಲಿ ಕೊಡೆ ಹಿಡಿದು ಕೂತವಳು, "ಅಲ್ಲಲ್ಲೋ, ಬಲಕ್ಕ!" ಅಂತ ಕೂಗಿದಳು.

ಬಲಕ್ಕೆ ಒಂದು ಒರಳುಕಲ್ಲು ಸಿಕ್ಕಿತು, ಅರ್ಧ ಹೂತಿತ್ತು. ಯಾರ ಮನೆಯದು ಅಂತ ಅಜ್ಜಿಗೂ ಹೇಳೋಕೆ ಆಗಲಿಲ್ಲ. ಅದರ ಪಕ್ಕ ನಿಂತು, ಅಲ್ಲಿಂದ ಓಣಿ ಹೇಗೆ ಹೋಗ್ತಿತ್ತು, ಯಾರ ಮನೆ ಆದ ಮೇಲೆ ಯಾರ ಮನೆ ಅಂತ ಕೈ ಮಾಡಿ ತೋರಿಸಿದಳು. ರೆಕಾರ್ಡ್ ಮಾಡಿಕೊಂಡೆ. ಗಾಳಿ ಸದ್ದೇ ಜಾಸ್ತಿ ಇದೆ.

ಮಳೆಗಾಲಕ್ಕೆ ಮತ್ತೆ ನೀರು ಬಂತು. ನನ್ನ ಪ್ರಿಂಟಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಹದಿನಾಲ್ಕು ಮನೆತನದ ಹೆಸರು ಬರೆದಿದ್ದೇನೆ. ಓಣಿಯ ಕೊನೆಯಲ್ಲಿ ಹದಿನೈದನೆಯದೊಂದು ಇತ್ತಂತೆ. ಅಜ್ಜಿಗೆ ಈಗ ಎಂಬತ್ತರ ಆಸುಪಾಸು. ಆ ಒಂದು ಹೆಸರು ನೆನಪಾಗ್ತಾ ಇಲ್ಲ. ಸಂಜೆ ಫೋನ್ ಮಾಡಿದಾಗಲೆಲ್ಲ ಕೇಳ್ತೀನಿ, "ಇನ್ನೂ ಇಲ್ಲೋ, ನಾಳೆ ಕೇಳು" ಅಂತಾಳ.