ಕುದುರೆಯ ಒಣಮೇವು: ಆಯ್ಕೆ ಮತ್ತು ಸಂಗ್ರಹ



ಕಲಬುರಗಿಯ ಸ್ಟೇಶನ್ ಬಜಾರ ರೈಲು ನಿಲ್ದಾಣಕ್ಕೆ ಹೊಂದಿಕೊಂಡ ಬಡಾವಣೆ. ಆಟೋರಿಕ್ಷಾಗಳು ಹೆಚ್ಚುವ ಮೊದಲು ಇಂಥ ನಿಲ್ದಾಣಗಳ ಎದುರು ಪ್ರಯಾಣಿಕರಿಗಾಗಿ ಕಾಯುತ್ತಿದ್ದುದು ಟಾಂಗಾ. ಇಂದು ನಗರದ ಕುದುರೆಗೆ ಉಳಿದಿರುವುದು ಬಹುಮಟ್ಟಿಗೆ ಮದುವೆಯ ಮೆರವಣಿಗೆ ಮಾತ್ರ. ಕೆಲಸ ಬದಲಾದರೂ ಒಂದು ಸಂಗತಿ ಬದಲಾಗಿಲ್ಲ. ನಗರದ ಕುದುರೆಗೆ ಸ್ವಂತ ಹುಲ್ಲುಗಾವಲಿಲ್ಲ. ಅದು ತಿನ್ನುವ ಪ್ರತಿ ಹಿಡಿ ಹುಲ್ಲೂ ಹಳ್ಳಿಯ ಹೊಲದಿಂದ, ಗೋಮಾಳದಿಂದ ಬರಬೇಕು.

ಆ ಸೀಮೆಯ ಮುಖ್ಯ ಒಣಮೇವು ಜೋಳದ ಕಣಿಕೆ. ಕಾಳಿನಷ್ಟೇ ಕಣಿಕೆಗೂ ಬೆಲೆ ಇದ್ದುದರಿಂದಲೇ ಮಾಲದಂಡಿಯಂಥ ಎತ್ತರದ ಹಿಂಗಾರಿ ಜೋಳವನ್ನು ರೈತರು ಬಿಡದೆ ಉಳಿಸಿಕೊಂಡು ಬಂದರು. ಈಗ ಜೋಳದ ಹೊಲಗಳು ಕುಗ್ಗಿ ತೊಗರಿ ಹಬ್ಬಿದೆ. ಸಮೀಪದ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ತೊಗರಿ, ಬಾಳೆಗಳಿಂದ ಆದಾಯ ಬಂದೀತು. ಕುದುರೆಯ ಹೊಟ್ಟೆ ತುಂಬುವ ಹುಲ್ಲು ಬಾರದು.

ದನ ತಿಂದದ್ದನ್ನೆಲ್ಲ ಕುದುರೆಯೂ ತಿಂದೀತು ಎಂಬುದು ತಪ್ಪು ತಿಳಿವಳಿಕೆ. ದನಕ್ಕೆ ನಾಲ್ಕು ಕೋಣೆಗಳ ಹೊಟ್ಟೆ, ಜೊತೆಗೆ ಮೆಲುಕು. ಕುದುರೆಗಿರುವುದು ಒಂದೇ ಚಿಕ್ಕ ಜಠರ. ನಾರು ಹುಳಿತು ಜೀರ್ಣವಾಗುವುದು ದೊಡ್ಡ ಕರುಳಿನಲ್ಲಿ. ಒಮ್ಮೆ ನುಂಗಿದ್ದನ್ನು ಅದು ವಾಂತಿ ಮಾಡಲಾರದು. ಆದ್ದರಿಂದಲೇ ಬೂಷ್ಟು ಹಿಡಿದ ಹುಲ್ಲು ಪ್ರಾಣಾಂತಿಕವಾದ ಹೊಟ್ಟೆಶೂಲೆಗೆ ಕಾರಣವಾಗಬಲ್ಲದು. ಅದರ ದೂಳು ಶ್ವಾಸಕೋಶಕ್ಕಿಳಿದರೆ ದಮ್ಮು ಅಂಟಿಕೊಳ್ಳುತ್ತದೆ.

ಒಳ್ಳೆಯ ಹುಲ್ಲನ್ನು ಗುರುತಿಸಲು ಕಣ್ಣು, ಮೂಗು, ಕೈ ಸಾಕು. ಹೂ ಬಿಡುವ ಹೊತ್ತಿಗೆ ಕೊಯ್ದ ಹುಲ್ಲಿನಲ್ಲಿ ಎಲೆ ಹೆಚ್ಚು, ಸತ್ವವೂ ಹೆಚ್ಚು. ಬೀಜ ಉದುರಿದ ಮೇಲೆ ಉಳಿಯುವುದು ಬರಿಯ ಕಡ್ಡಿ. ಬಣ್ಣ ತಿಳಿಹಸುರಾಗಿರಬೇಕು, ವಾಸನೆ ಹಿತವಾಗಿರಬೇಕು, ಕೊಡವಿದರೆ ದೂಳೇಳಬಾರದು. ಕಪ್ಪು ಕಲೆ, ಮುಗ್ಗುವಾಸನೆ ಕಂಡುಬಂದರೆ ಆ ಹೊರೆ ಗೊಬ್ಬರದ ಗುಂಡಿಗೆ ಸೇರತಕ್ಕದ್ದು. ಜೋಳದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಎಳೆಯ ಅಥವಾ ಬರಕ್ಕೆ ಸಿಕ್ಕಿ ಮುರುಟಿದ ಹಸಿ ಜೋಳದಲ್ಲಿ ಸೈನೈಡ್ ವಿಷವಿರುತ್ತದೆ. ಹಸಿ ಜೋಳವನ್ನು ಬಹುಕಾಲ ಮೇಯ್ದ ಕುದುರೆಗೆ ಹಿಂಗಾಲುಗಳು ಸೋಲುವುದೂ ಉಂಟು, ಮೂತ್ರದ ತೊಂದರೆಯೂ ಉಂಟು. ಬಲಿತು ಚೆನ್ನಾಗಿ ಒಣಗಿದ ಕಣಿಕೆಯನ್ನು ಸಣ್ಣಗೆ ಕತ್ತರಿಸಿ, ಬೇರೆ ಹುಲ್ಲಿನೊಡನೆ ಬೆರೆಸಿ ಕೊಡುವುದು ಲೇಸು.

ಪ್ರಮಾಣದ ಲೆಕ್ಕ ಸುಲಭ. ದಿನಕ್ಕೆ ದೇಹತೂಕದ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಒಣಮೇವು ಬೇಕು. 300 ಕಿಲೋ ತೂಗುವ ಕುದುರೆಗೆ ನಾಲ್ಕೂವರೆಯಿಂದ ಆರು ಕಿಲೋ. ಇದನ್ನು ಹಲವು ಸಲ ಹಂಚಿ ಹಾಕಬೇಕು. ಹೊಸ ಮೇವಿಗೆ ಒಗ್ಗಿಸಲು ಏಳರಿಂದ ಹತ್ತು ದಿನ ಹಿಡಿಯುತ್ತದೆ.

ಸಂಗ್ರಹದ ಮೊದಲ ಶತ್ರು ತೇವ. ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ತೇವವಿದ್ದ ಹುಲ್ಲನ್ನು ಒಟ್ಟಿದರೆ ಬೂಷ್ಟು ಹಿಡಿಯುತ್ತದೆ. ತೇವ ಇನ್ನೂ ಹೆಚ್ಚಿದ್ದರೆ ಬಣವೆಯ ಒಡಲು ಕಾದು ತಾನೇ ಹೊತ್ತಿಕೊಳ್ಳುವುದೂ ಉಂಟು. ಒಂದು ಹಿಡಿ ಹುಲ್ಲನ್ನು ಹಿಂಡಿದಾಗ ಕಡ್ಡಿ ಮುರಿಯದೆ ಬಾಗಿದರೆ ಇನ್ನೂ ಒಣಗಬೇಕೆಂದು ಅರ್ಥ. ಒಟ್ಟಿದ ಮೇಲೆ ಕಬ್ಬಿಣದ ಸಲಾಕೆಯೊಂದನ್ನು ಕಾಲು ಗಂಟೆ ಬಣವೆಯೊಳಗೆ ಚುಚ್ಚಿಟ್ಟು ತೆಗೆಯಬೇಕು. ಅದು ಕೈಗೆ ಸುಟ್ಟಂತಾದರೆ ಬಣವೆಯನ್ನು ಕೂಡಲೇ ಎಚ್ಚರಿಕೆಯಿಂದ ಬಿಚ್ಚಿ ಹರಡಬೇಕು.

ಬಯಲುಸೀಮೆಯಲ್ಲಿ ಬಿಸಿಲೇ ಅರ್ಧ ಕೆಲಸ ಮಾಡುತ್ತದೆ. ಬೆಟ್ಟದ ಮಳೆಯಲ್ಲಿ ಹಾಗಲ್ಲ. ಇಲ್ಲಿ ಹುಲ್ಲು ನೆಲಕ್ಕೆ, ಗೋಡೆಗೆ ತಾಗದಂತೆ ಕಲ್ಲು ಅಥವಾ ಮರದ ಅಟ್ಟಣೆಯ ಮೇಲಿರಬೇಕು. ಸೂರಿನಡಿ ಗಾಳಿಯಾಡಬೇಕು. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿದರೆ ಒಳಗಿನ ಆವಿಯೇ ಹುಲ್ಲನ್ನು ಕೊಳೆಸುತ್ತದೆ. ಹಳೆಯ ಹುಲ್ಲು ಮೊದಲು ಮುಗಿಯಲಿ, ಹೊಸದು ಆಮೇಲೆ.

ಆದರೆ ಕೊಯ್ಯಲು ಹುಲ್ಲೇ ಇಲ್ಲದಿದ್ದರೆ ಈ ಜಾಣ್ಮೆಯಿಂದೇನು? 1980ರ ದಶಕದಲ್ಲಿ ಹಳ್ಳಿಗಳ ಸಾಮೂಹಿಕ ಭೂಮಿಯನ್ನು ಕಾಗದದ ಕಚ್ಚಾವಸ್ತುವಾದ ನೀಲಗಿರಿಗೆ ಒಪ್ಪಿಸಿದಾಗ, ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಯೋಜನೆ ನಿಂತಿತು. ಬೆಟ್ಟದ ಬೇಣಗಳು ಅಕೇಶಿಯಾ ನೆಡುತೋಪುಗಳಾದಾಗಲೂ ಕಳೆದುಹೋದದ್ದು ಹುಲ್ಲೇ. ಪಾಳುಭೂಮಿ ಎಂದು ದಾಖಲೆಯಲ್ಲಿ ಬರೆದ ನೆಲ ಯಾರ ಕೊಟ್ಟಿಗೆಯನ್ನು, ಯಾವ ದೂರದ ಪೇಟೆಯ ಕುದುರೆಯನ್ನು ಸಾಕುತ್ತಿದೆ ಎಂಬುದನ್ನು ಪ್ರತಿ ಗ್ರಾಮಸಭೆಯೂ ಲೆಕ್ಕ ಹಾಕಲಿ. ವಿದ್ಯಾರ್ಥಿಗಳು ತಮ್ಮೂರ ಬೇಣಗಳಲ್ಲಿ ಬೆಳೆಯುವ ಹುಲ್ಲುಗಳ ಹೆಸರು, ಅವು ಹೂ ಬಿಡುವ ಕಾಲ, ಕೊಯ್ಯುವ ಕಾಲಗಳನ್ನು ಹಿರಿಯರಿಂದ ಕೇಳಿ ಬರೆದಿಡಲಿ. ಈ ಕೆಲಸ ಬರುವ ಮಳೆಗಾಲ ಮುಗಿಯುತ್ತಲೇ, ಮೊದಲ ಕೊಯ್ಲಿನೊಡನೆ ಆರಂಭವಾಗಲಿ.