ಸುಳ್ಳು ಚೀಟಿಯ ಗೂಬೆ



ಪತ್ತೇದಾರಿ ಕಾದಂಬರಿ ಎಂದೊಡನೆ ನಮ್ಮ ಹಿರಿಯರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನೆನಪಾಗುತ್ತಾನೆ. ಇಂದು ನಾನು ಹೇಳಹೊರಟಿರುವುದೂ ಒಂದು ಪತ್ತೇದಾರಿ ಕಥೆಯೇ. ಆದರೆ ಇದು ಕಟ್ಟುಕಥೆಯಲ್ಲ, ಪಕ್ಷಿ ವೀಕ್ಷಕರ ಲೋಕದಲ್ಲಿ ನಿಜವಾಗಿ ನಡೆದದ್ದು. ಇದರಲ್ಲಿ ಕೊಲೆಯಿಲ್ಲ, ಕಳವಿದೆ. ಸಾಕ್ಷಿ ನುಡಿದದ್ದು ಒಂದು ಸತ್ತ ಗೂಬೆ.

ವಸ್ತುಸಂಗ್ರಹಾಲಯಗಳಲ್ಲಿ ಹಕ್ಕಿಯ ಚರ್ಮಕ್ಕೆ ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಇಡುತ್ತಾರೆ. ಎಲ್ಲಿ, ಯಾವಾಗ, ಯಾರಿಗೆ ಸಿಕ್ಕಿತು ಎಂಬುದೆಲ್ಲ ಆ ಚೀಟಿಯಲ್ಲಿರುತ್ತದೆ. ಚೀಟಿ ಸುಳ್ಳಾದರೆ ಹಕ್ಕಿಯ ಚರಿತ್ರೆಯೇ ಸುಳ್ಳಾಗುತ್ತದೆ.

ಮಧ್ಯ ಭಾರತದ ಒಂದು ಸಣ್ಣ ಅಡವಿಗೂಬೆಯನ್ನು 1873ರಲ್ಲಿ ಎ. ಓ. ಹ್ಯೂಮ್ ಲೋಕಕ್ಕೆ ಪರಿಚಯಿಸಿದರು. 1884ರ ನಂತರ ಅದು ಯಾರಿಗೂ ಕಾಣಲಿಲ್ಲ. ಆದರೆ ಬ್ರಿಟಿಷ್ ಸೇನಾಧಿಕಾರಿ ರಿಚರ್ಡ್ ಮೈನರ್ಟ್ಸ್‌ಹಾಗೆನ್ ಮಾತ್ರ, 1914ರಲ್ಲಿ ಗುಜರಾತಿನ ಮಾಂಡವಿಯಲ್ಲಿ ತನಗೆ ಅದು ಸಿಕ್ಕಿತೆಂದು ಚೀಟಿ ಬರೆದಿಟ್ಟಿದ್ದ. ಆತ ದೊಡ್ಡ ಹೆಸರಿನವ. 1937ರಲ್ಲಿ ನಮ್ಮ ಡಾ. ಸಲೀಂ ಅಲಿಯವರೊಂದಿಗೆ ಅಫ್ಘಾನಿಸ್ತಾನ ಪ್ರವಾಸ ಮಾಡಿದವ. ಆತನ ಮಾತನ್ನು ಜನ ನಂಬಿದರು. ಮುಂದೆ ಗೂಬೆಯನ್ನು ಹುಡುಕಿದವರಿಗೆ ಆ ಸುಳ್ಳು ದಾಖಲೆಯೂ ದಾರಿ ತಪ್ಪಿಸಿತು.

ಅಮೆರಿಕದ ವಿಜ್ಞಾನಿ ಪಮೇಲಾ ರಾಸ್ಮುಸೆನ್ ಹೆಸರಿಗೆ ಮರುಳಾಗಲಿಲ್ಲ. ಅವರು ಮತ್ತು ನೈಜೆಲ್ ಕಾಲರ್ ಸೇರಿ ಆ ಗೂಬೆಯನ್ನು ಎಕ್ಸ್-ರೇ ಮೂಲಕ ಪರೀಕ್ಷಿಸಿದರು. ದರ್ಜಿಯ ಹೊಲಿಗೆಯಂತೆ ಚರ್ಮ ಹದಮಾಡುವವನ ಕೈಗೂ ತನ್ನದೇ ಗುರುತಿರುತ್ತದೆ. ಅಲ್ಲಿದ್ದದ್ದು ಜೇಮ್ಸ್ ಡೇವಿಡ್ಸನ್‌ರ ಕೈಗುರುತು! 1880ರ ದಶಕದಲ್ಲಿ ಖಾಂದೇಶದಲ್ಲಿ ಆತ ಸಂಗ್ರಹಿಸಿದ್ದ ಹಕ್ಕಿಯನ್ನು ಮೈನರ್ಟ್ಸ್‌ಹಾಗೆನ್ ಲಂಡನ್ನಿನ ವಸ್ತುಸಂಗ್ರಹಾಲಯದಿಂದ ಕದ್ದು, ಮತ್ತೆ ಹೊಲಿದು, ಹೊಸ ಚೀಟಿ ಕಟ್ಟಿದ್ದ.

ಸುಳ್ಳನ್ನು ಬದಿಗಿಟ್ಟು, ನಿಜವಾದ ಚೀಟಿಗಳು ತೋರಿಸಿದ ಊರುಗಳಿಗೆ ರಾಸ್ಮುಸೆನ್ ಸಂಗಡಿಗರೊಂದಿಗೆ ಹೋದರು. 1997ರ ನವೆಂಬರಿನಲ್ಲಿ ಅದೇ ಖಾಂದೇಶದ ಶಹಾದಾ ಬಳಿ, ಹಾಡುಹಗಲಿನಲ್ಲಿ ಮರದ ಮೇಲೆ ಕುಳಿತಿತ್ತು ಆ ಗೂಬೆ! 113 ವರ್ಷ ಕಾಣೆಯಾಗಿದ್ದ ಜೀವ ಮತ್ತೆ ಸಿಕ್ಕಿತು.

ಮಿತ್ರರೇ, ಸಲೀಂ ಅಲಿಯವರ ಬಾಲ್ಯ ಇದಕ್ಕೆ ತದ್ವಿರುದ್ಧ. ತಾವು ಹೊಡೆದ ಹಳದಿ ಕೊರಳಿನ ಗುಬ್ಬಿ ಯಾವುದೆಂದು ತಿಳಿಯದಾಗ ಆ ಬಾಲಕ ಊಹಿಸಿ ಹೇಳಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದು ಮಿಲಾರ್ಡ್ ಅವರನ್ನು ಕೇಳಿದರು. "ಗೊತ್ತಿಲ್ಲ" ಎನ್ನುವ ಧೈರ್ಯದಿಂದಲೇ ಅವರ ವಿದ್ಯೆ ಆರಂಭವಾಯಿತು.

ಈ ವಿದ್ಯೆಗೆ ನಾವು ದೂರ ಹೋಗಬೇಕಿಲ್ಲ. ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯಲ್ಲಿ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಿದೆ. ಸುಮಾರು 54 ಹೆಕ್ಟೇರಿನ ಈ ಕೆರೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಮುಂಡರಗಿಯವರಿಗೆ ಕಪ್ಪತಗುಡ್ಡವೂ ಹತ್ತಿರ, ತುಂಗಭದ್ರೆಯೂ ಹತ್ತಿರ.

ನಲವತ್ತು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿರಿ. ದಿನಾಂಕ, ಸ್ಥಳ, ಕಂಡ ಹಕ್ಕಿ, ಎಣಿಸಿದ ಸಂಖ್ಯೆ ಇವಿಷ್ಟನ್ನೇ ಬರೆಯಿರಿ. ಹೆಸರು ತಿಳಿಯದಿದ್ದರೆ ಜಾಗ ಖಾಲಿ ಬಿಡಿರಿ. ನೂರು ವರ್ಷಗಳ ನಂತರ ಯಾರೋ ನಿಮ್ಮ ಬರಹವನ್ನು ನಂಬಿ ಒಂದು ಹಕ್ಕಿಯನ್ನು ಹುಡುಕಿಕೊಂಡು ಬರಬಹುದು. ಅವರಿಗೆ ದಾರಿ ತಪ್ಪದಿರಲಿ.