ಹೆಳವರ ಹೊತ್ತಿಗೆಯಲ್ಲಿ ಮನೆತನದ ದಾರಿ

ಸುಗ್ಗಿ ಮುಗಿದು ಕಾಳುಕಡಿ ಮನೆ ಸೇರಿದ ಮೇಲೆ ಸಂಪಗಾಂವ ಸೀಮೆಯ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಮುಚ್ಚಿಕೊಂಡು, ಗಂಟೆ ಬಾರಿಸುತ್ತ ನಸುಕಿನಲ್ಲಿ ಬರುವುದು ಹಿಂದಿನ ರೂಢಿ. ಬಾಗಿಲಲ್ಲಿ ನಿಂತು ಆ ಮನೆಯ ಹಿರಿಯರ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಕೊಂಡಾಡುತ್ತಾರೆ. ಪೇಟೆಯವರು ಇದನ್ನು ಭಿಕ್ಷೆಯ ಹಾಡೆಂದು ತಿಳಿದು ಕಾಳು ನೀಡಿ ಕಳಿಸಿಬಿಡುವುದುಂಟು. ನಷ್ಟ ಹೆಳವನಿಗಲ್ಲ, ಮನೆಯವರಿಗೆ.

ಅಮೇರಿಕೆಯಲ್ಲಿ 1840ರ ತರುವಾಯ ಎತ್ತಿನ ಬಂಡಿ ಕಟ್ಟಿಕೊಂಡು ದೂರದ ಓರೆಗಾನ್ ಸೀಮೆಗೆ ಹೋಗಿ ನೆಲೆಸಿದವರಲ್ಲಿ ಹಲವರು ದಾರಿಯ ದಿನಚರಿ ಬರೆದಿಟ್ಟರು. ಯಾವ ಹೊಳೆ ದಾಟಿದರು, ಯಾರನ್ನು ಎಲ್ಲಿ ಮಣ್ಣು ಮಾಡಿದರು ಎಂಬುದನ್ನು ಅವರ ವಂಶಜರು ಅದರಿಂದಲೇ ತಿಳಿಯುತ್ತಾರೆ. ನಮ್ಮ ಒಕ್ಕಲು ಮನೆತನಗಳು ಊರು ಬಿಟ್ಟಾಗ ದಿನಚರಿ ಬರೆಯಲಿಲ್ಲ. ಅವರ ಪರವಾಗಿ ನೆನಪಿಟ್ಟವನು, ಹೊತ್ತಿಗೆಯಲ್ಲಿ ಬರೆದುಕೊಂಡವನು ಹೆಳವ. ಮೂಲಪುರುಷ ಯಾವ ಊರಿನವನು, ಎಲ್ಲಿ ತಂಗಿದ, ಅಣ್ಣತಮ್ಮಂದಿರು ಎಲ್ಲೆಲ್ಲಿ ಕವಲೊಡೆದರು ಎಂಬುದು ಅವನ ಬಳಿ ಇರುತ್ತದೆ.

ಹಾಗೆಂದು ಎಲ್ಲವನ್ನೂ ನಂಬಬೇಕಾಗಿಲ್ಲ. ಹೊಗಳಿದರೆ ಧೋತರ, ಹಿತ್ತಾಳೆ ಪಾತ್ರೆ, ಕೆಲವೊಮ್ಮೆ ಕರುವೇ ಸಿಗುವಾಗ ಯಾರ ಅಜ್ಜನೂ ಹೇಡಿಯಾಗಿರುವುದಿಲ್ಲ! ಇಸವಿಗಳೂ ಸಿಗುವುದು ಕಡಿಮೆ. ಆದರೆ ಊರಿನ ಹೆಸರುಗಳನ್ನು ಒರೆಗೆ ಹಚ್ಚಬಹುದು. ಮನೆದೇವರು ಗೊಡಚಿಯ ವೀರಭದ್ರನೋ, ಸವದತ್ತಿಯ ಎಲ್ಲಮ್ಮನೋ ಕೇಳಿರಿ. ಅಡ್ಡಹೆಸರನ್ನು ನೋಡಿರಿ. ಮುನವಳ್ಳಿಯಲ್ಲೇ ಇರುವವನನ್ನು ನೆರೆಯವರು ‘ಮುನವಳ್ಳಿ’ ಎಂದು ಕರೆಯುವುದಿಲ್ಲ. ಊರು ಬಿಟ್ಟು ಬೈಲಹೊಂಗಲಕ್ಕೆ ಬಂದಾಗಲೇ ಆ ಹೆಸರು ಅಂಟುತ್ತದೆ. ಆ ಮೇಲೆ ಹಳೆಯ ಜಮೀನಿನ ಉತಾರ, ಪೆಟ್ಟಿಗೆಯೊಳಗಿನ ಮೋಡಿ ಕಾಗದಗಳನ್ನು ಹೋಲಿಸಿರಿ. 1824ರ ಕಿತ್ತೂರಿನ ಕಾಳಗ, 1876ರಿಂದ 1878ರವರೆಗಿನ ದೊಡ್ಡ ಬರ, ಇವುಗಳ ಆಚೆಗೋ ಈಚೆಗೋ ಎಂದು ತಲೆಮಾರು ಎಣಿಸಿದರೆ ಕಾಲದ ಅಂದಾಜೂ ಹತ್ತುತ್ತದೆ.

ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿದು, ಹಿನ್ನೀರಿನಲ್ಲಿ ಹಳ್ಳಿಗಳೇ ಮುಳುಗಿದವು. ಅಲ್ಲಿಂದ ಎದ್ದು ಬಂದವರ ಮೊಮ್ಮಕ್ಕಳು ಹಳೆಯ ಮನೆಯ ಕಟ್ಟೆಯನ್ನಾಗಲಿ, ಹಿರಿಯರ ಗದ್ದುಗೆಯನ್ನಾಗಲಿ ಹೋಗಿ ನೋಡುವಂತಿಲ್ಲ. ಅಂಥವರಿಗೆ ಹೊತ್ತಿಗೆಯ ಒಂದು ಸಾಲೂ ದೊಡ್ಡದು.

ಹೆಳವರ ಮಕ್ಕಳು ಇಂದು ಶಾಲೆಗೆ ಹೋಗಿ ಬೇರೆ ಕಸುಬು ಹಿಡಿಯುತ್ತಿದ್ದಾರೆ, ಅದು ತಕ್ಕದ್ದೇ. ಮುಂದಿನ ಸುಗ್ಗಿಗೆ ನಿಮ್ಮ ಮನೆತನದ ಹೆಳವ ಬಂದರೆ ಅವಸರ ಮಾಡಬೇಡಿರಿ. ಕೂಡ್ರಿಸಿ, ಊಟಕ್ಕೆ ಬಡಿಸಿ, ನಿಧಾನವಾಗಿ ಓದಲು ಹೇಳಿ ಬರೆದುಕೊಳ್ಳಿರಿ. ಗಂಡಸರ ಹೆಸರು ಮುಗಿದ ಮೇಲೆ, ಮನೆಗೆ ಬಂದ ಸೊಸೆಯಂದಿರ ತವರೂರು ಯಾವುದೆಂದೂ ಒಂದು ಮಾತು ಕೇಳಿರಿ.